ಮುದಿ ನಾಯಿಯ ಬಾಯಿ ಒಣಗಿದರೆ

ಪ್ರಶ್ನೆ: ನಮ್ಮ ನಾಯಿಗೆ 13 ವರ್ಷ, ತೂಕ 12 ಕಿಲೋ. ಎರಡು ತಿಂಗಳಿಂದ ಬಾಯಲ್ಲಿ ಜೊಲ್ಲೇ ಇಲ್ಲ. ಅನ್ನ ದವಡೆಗೆ ಅಂಟಿಕೊಳ್ಳುತ್ತದೆ, ಬಾಯಿ ನಾರುತ್ತದೆ. ತುರಿಕೆಗೆ ಮಾತ್ರೆ ಕೊಡುತ್ತಿದ್ದೇವೆ. ವಯಸ್ಸಾದರೆ ಹೀಗಾಗುವುದು ಸಹಜವೇ?
ಓದುಗರು, ಬಸವನಗುಡಿ

ಉತ್ತರ: ವಯಸ್ಸಿನ ಪಾಲು ಇದೆ, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ಮುಪ್ಪಿನಲ್ಲಿ ಜೊಲ್ಲುಗ್ರಂಥಿಯ ಜೀವಕೋಶಗಳ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಳ್ಳುತ್ತವೆ. ಅದು ವರ್ಷಗಟ್ಟಲೆ ನಡೆಯುವ ಕೆಲಸ. ಎರಡೇ ತಿಂಗಳಲ್ಲಿ ಬಾಯಿ ಒಣಗಿದೆ ಎಂದರೆ ಬೇರೆ ಕಾರಣ ಹುಡುಕಲೇಬೇಕು.

ಮೊದಲ ಅನುಮಾನ ಆ ಮಾತ್ರೆಯ ಮೇಲೆ. ಕ್ಲೋರ್‌ಫೆನಿರಮಿನ್‌ನಂಥ ಔಷಧ ಜೊಲ್ಲು ತಗ್ಗಿಸುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ. ಅದು ಸ್ಟೀರಾಯ್ಡ್ ಆಗಿದ್ದರೆ ದಿಢೀರನೆ ಬಿಡುವುದೇ ಅಪಾಯ.

ಎರಡನೆಯ ಅನುಮಾನ ಮೂತ್ರಪಿಂಡದ ಮೇಲೆ. ಅದು ಸೋತರೆ ಮೈಯ ನೀರು ಮೂತ್ರದಲ್ಲಿ ಹೋಗಿ ಬಾಯಿ ಒಣಗುತ್ತದೆ. ಮೇಲ್ದುಟಿ ಎತ್ತಿ, ಕೋರೆಹಲ್ಲಿನ ಮೇಲಿನ ವಸಡಿನ ಮೇಲೆ ಬೆರಳಾಡಿಸಿ. ಬೆರಳು ಜಾರಬೇಕು, ಅಂಟಂಟಾಗಿ ತಡೆದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು. ವಸಡನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು (ಕಪ್ಪು ವಸಡಿನಲ್ಲಿ ಇದು ಕಾಣದು). ಬಟ್ಟಲಿಗೆ ಅಳೆದು ನೀರಿಟ್ಟು, 24 ಗಂಟೆಯ ನಂತರ ಉಳಿದದ್ದನ್ನು ಇಟ್ಟ ಲೆಕ್ಕದಿಂದ ಕಳೆಯಿರಿ. 1,200 ಮಿಲಿಗಿಂತ ಹೆಚ್ಚು ಕುಡಿದೂ ಬಾಯಿ ಒಣಗಿದ್ದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆಗಳ ರಕ್ತಪರೀಕ್ಷೆಗೆ ತಡಮಾಡಬೇಡಿ. ಬೆಳಗಿನ ಮೂತ್ರವನ್ನೂ ಶುದ್ಧ ಡಬ್ಬಿಯಲ್ಲಿ ಹಿಡಿದು ಒಯ್ಯಿರಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ತೋರಿಸಬಹುದು.

ಅಲ್ಲಿಯವರೆಗೆ ಅನ್ನವನ್ನು ಬೆಚ್ಚಗಿನ ನೀರು ಹಾಕಿ ಸಡಿಲವಾಗಿ ಕಲಸಿ. ಈರುಳ್ಳಿ ಬೆಂದ ಸಾರು ಬೇಡ. ಉಂಡ ಮೇಲೆ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ವಸಡು ಒರೆಸಿ. ತೊಳೆಯುವ ಜೊಲ್ಲಿಲ್ಲದೆ ಅಲ್ಲೇ ಕೊಳೆಯುವ ಅಗುಳೂ ನಾತಕ್ಕೆ ಕಾರಣ. ಒಣಬಾಯಿಗೆಂದು ಮನುಷ್ಯರಿಗೆ ಮಾರುವ ಸ್ಪ್ರೇ, ಜೆಲ್ ಮಾತ್ರ ಹಚ್ಚಲೇಬೇಡಿ. ಅವುಗಳಲ್ಲಿ ಹಲವಕ್ಕೆ ಝೈಲಿಟಾಲ್ ಎಂಬ ಸಿಹಿಕಾರಕ ಬೆರೆಸಿರುತ್ತಾರೆ. ಅದು ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲದು.

ಪ್ರಶ್ನೆ: ನಮ್ಮ ಮುದಿ ಹಸು ಹುಲ್ಲನ್ನು ಜಗಿದು ಉಂಡೆ ಮಾಡಿ ಉಗುಳುತ್ತದೆ. ಜೊಲ್ಲು ಸಾಲುತ್ತಿಲ್ಲವೇ?
ಓದುಗರು, ಯಲಹಂಕ

ಉತ್ತರ: ದವಡೆಹಲ್ಲು ಸವೆದಿರುವ ಸಾಧ್ಯತೆ ಹೆಚ್ಚು. ದೊಡ್ಡ ಹಸುವಿಗೆ ದಿನಕ್ಕೆ 100 ಲೀಟರಿಗೂ ಮೀರಿ ಜೊಲ್ಲು ಬರುತ್ತದೆ. ಹೊಟ್ಟೆಯ ಹುಳಿ ತಗ್ಗಿಸುವುದು ಜೊಲ್ಲಿನಲ್ಲಿರುವ ಅಡುಗೆ ಸೋಡಾದಂಥ ಲವಣ. ಜಗಿತ, ಮೆಲುಕು ಕಡಿಮೆಯಾದರೆ ಜೊಲ್ಲೂ ಕಡಿಮೆ. ಎಳೆಯ ಹಸಿಮೇವನ್ನು 2 ಇಂಚಿಗೆ ಕತ್ತರಿಸಿ ಹಾಕಿ. ಪುಡಿ ಮಾಡಿದರೆ ಮೆಲುಕೇ ನಿಲ್ಲುತ್ತದೆ. ಹಿಂಡಿ, ಬೂಸಾ ಒಂದೇ ಸಲ ಸುರಿಯದೆ ಮೂರು ಹೊತ್ತಿಗೆ ಹಂಚಿ. ಹಲ್ಲನ್ನು ವೈದ್ಯರೇ ನೋಡಲಿ. ಜೊಲ್ಲು ದಾರದಂತೆ ಇಳಿಯುತ್ತ ನುಂಗಲಾಗದಿದ್ದರೆ ನೀವು ಬಾಯೊಳಗೆ ಕೈ ಹಾಕಲೇಬಾರದು, ರೇಬಿಸ್‌ನಲ್ಲೂ ಹೀಗೇ ಆಗುತ್ತದೆ.