ಪುರಾತತ್ವ ರಹಸ್ಯದ ಮೇಲೆ ಆಡಿಯೋ ನಾಟಕ ಬರೆಯಬೇಕಾ? ಸದ್ದು ಮಾಡುವ ಕಲ್ಲು ಹುಡುಕಿ

ಪುರಾತತ್ವದ ಒಂದು ರಹಸ್ಯ, ಅದಕ್ಕೊಂದು ದಂತಕಥೆ ಸೇರಿಸಿ ಸೈನ್ಸ್ ಫಿಕ್ಷನ್ ಆಡಿಯೋ ನಾಟಕ ಬರೆಯಬೇಕು, ಪಿರಮಿಡ್ ಗಿರಮಿಡ್ ಬೇಡ, ಕರ್ನಾಟಕದ್ದೇ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಅದಕ್ಕೆ ಮುಂಚೆ ನಾವು ಮುಗ್ಗರಿಸಿದ ಕಥೆ ಕೇಳಿ.

ಎರಡು ವರ್ಷದ ಹಿಂದೆ ನಾನು ಮತ್ತು ಮೂವರು ಗೆಳೆಯರು ಇಂಥದ್ದೇ ನಾಟಕಕ್ಕೆ ಕೈ ಹಾಕಿದ್ದೆವು. ಯಾರಿಗೂ ಓದಲು ಬಾರದ ಒಂದು ಶಾಸನ, ಅದರ ಸುತ್ತ ಕಥೆ. ಬರೆದಾಗ ಭಾರಿ ಚೆನ್ನಾಗಿದೆ ಅನ್ನಿಸಿತ್ತು. ರೆಕಾರ್ಡ್ ಮಾಡಿದ ಮೇಲೆ ಅಮ್ಮನಿಗೆ ಕೇಳಿಸಿದೆ, ಅವರು ಅಕ್ಕಿ ಆರಿಸುತ್ತಾ ಕೂತಿದ್ದರು. ನಮ್ಮ ಹೀರೋ "ಅಗೋ ನೋಡು, ಮೂರನೇ ಸಾಲಲ್ಲಿ ಮೀನಿನ ಚಿತ್ರ, ಪಕ್ಕದಲ್ಲಿ ಅರ್ಧ ಚಂದ್ರ" ಅಂತ ವರ್ಣಿಸುತ್ತಿದ್ದ. ಅಮ್ಮ ತಲೆ ಎತ್ತದೆ ಕೇಳಿದರು: "ಇವನು ಯಾರಿಗೆ ಹೇಳ್ತಿದ್ದಾನೆ? ಇನ್ನೊಬ್ಬನೂ ಅಲ್ಲೇ ನಿಂತಿದ್ದಾನಲ್ಲ, ಅವನಿಗೆ ಕಣ್ಣಿಲ್ವಾ?"

ಅಲ್ಲಿಗೆ ಮುಗಿಯಿತು. ಕಣ್ಣಿನಿಂದ ಬಿಡಿಸುವ ಒಗಟನ್ನು ಕಿವಿಯ ನಾಟಕಕ್ಕೆ ತಂದರೆ ಪಾತ್ರಗಳೆಲ್ಲ ಕಾಮೆಂಟರಿ ಹೇಳುವವರಾಗಿಬಿಡುತ್ತವೆ. ರಹಸ್ಯವೇ ಸದ್ದು ಮಾಡಬೇಕು.

ಹಾಗೆ ಹುಡುಕಿದಾಗ ಸಿಕ್ಕಿದ್ದು ಹಿರೇಬೆಣಕಲ್. ಕೊಪ್ಪಳ ಜಿಲ್ಲೆ, ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ಬೆಟ್ಟದ ಮೇಲೆ ಸುಮಾರು 400 ಶಿಲಾ ಸಮಾಧಿಗಳಿವೆ, ಕ್ರಿ.ಪೂ. 800ರಿಂದ 200ರ ನಡುವಿನವು ಅಂತ ಹೇಳುತ್ತಾರೆ. ದೊಡ್ಡ ದೊಡ್ಡ ಚಪ್ಪಡಿಗಳನ್ನು ಮೂರು ಕಡೆ ನಿಲ್ಲಿಸಿ ಮೇಲೊಂದು ಹೊದಿಸಿದ ಮನೆಗಳ ಹಾಗಿವೆ, ಕೆಲವಕ್ಕೆ ದುಂಡಗೆ ಕೊರೆದ ಕಿಂಡಿ ಬೇರೆ. ಹತ್ತಿರದ ಬಂಡೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ, ಆದರೆ ನಿಮಗೆ ಅವು ಬೇಡ (ಅಮ್ಮನ ಮಾತು ನೆನಪಿರಲಿ). ನಿಮಗೆ ಬೇಕಾದದ್ದು ಒಂದು ಎತ್ತರದ ಬಂಡೆಯ ತಲೆಯ ಮೇಲೆ ಕೂತಿರುವ ಕಲ್ಲಿನ ನಗಾರಿ. ಅರ್ಧ ಗೋಳದ ಆಕಾರ, ಸುಮಾರು ಎರಡು ಮೀಟರ್ ಅಗಲ. ಮರದ ಸುತ್ತಿಗೆಯಿಂದ ಬಡಿದರೆ ಒಂದು ಕಿಲೋಮೀಟರ್ ಆಚೆಗೂ ಕೇಳಿಸುತ್ತದೆ ಅಂತಾರೆ. ಸತ್ತವರ ಊರು, ಅದರ ನೆತ್ತಿಯಲ್ಲಿ ಒಂದು ನಗಾರಿ. ಯಾರನ್ನು ಕರೆಯಲಿಕ್ಕೆ? ನಿಮ್ಮ ಮೊದಲ ಕಂತು ಇಲ್ಲೇ ಇದೆ.

ದಂತಕಥೆಯೂ ರೆಡಿ ಇದೆ. ಈ ಕಲ್ಲುಮನೆಗಳನ್ನು ಜನ ಮೋರ್ಯರ ಮನೆ ಅನ್ನುತ್ತಾರೆ. ಮೋರ್ಯರು ಅಂದರೆ ಕುಳ್ಳ ಜನ, ಆದರೆ ಭೀಮನ ಬಲ. ಬೆಂಕಿ ಮಳೆ ಸುರಿಯುತ್ತದೆ ಅಂತ ಗೊತ್ತಾಗಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಅಡಗಿದರಂತೆ, ಆದರೂ ಉಳಿಯಲಿಲ್ಲವಂತೆ. ಹೆಸರು ಕೇಳಿ ಇವರು ಅಶೋಕನ ಮೌರ್ಯರೇ ಅನ್ನುವವರೂ ಇದ್ದಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳು ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಸಮಾಧಿ ಕಟ್ಟಲು ಶುರು ಮಾಡಿದ್ದು ಮೌರ್ಯರಿಗಿಂತ ಎಷ್ಟೋ ಮೊದಲು. ಈ ಗೊಂದಲವನ್ನೇ ಎರಡು ಪಾತ್ರಗಳ ಜಗಳ ಮಾಡಿ, ಮಾಹಿತಿ ತಾನಾಗಿ ಬರುತ್ತದೆ.

ಬೆಂಕಿ ಮಳೆ ಸುಮ್ನೆ ಹುಟ್ಟಿದ ಕಲ್ಪನೆಯಾ? ಬಳ್ಳಾರಿ, ರಾಯಚೂರು ಕಡೆ ಹೊಸ ಶಿಲಾಯುಗದ ಬೂದಿದಿಬ್ಬಗಳಿವೆ. ದನದ ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ಕೆಲವು ಕಡೆ ಕಾವಿಗೆ ಬೂದಿಯೇ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಸಮಾಧಿಗಳಿಗಿಂತ ಇವು ಹಳೆಯವು. ಅಂದರೆ ಸಮಾಧಿ ಕಟ್ಟಿದ ಜನರಿಗೂ ಇವು ಯಾರೋ ಬಿಟ್ಟುಹೋದ ಒಗಟೇ ಆಗಿದ್ದಿರಬಹುದು. ಇದು ನನ್ನ ಊಹೆ, ಪುರಾತತ್ವದವರ ಮಾತಲ್ಲ. ನಾಟಕಕ್ಕೆ ಅಷ್ಟು ಸಾಕು.

ಇನ್ನು ಸೈನ್ಸ್. ದಯವಿಟ್ಟು ಏಲಿಯನ್ ತರಬೇಡಿ. ಆ ಚಪ್ಪಡಿ ಎತ್ತಿದ್ದು ನಮ್ಮಂಥ ಮನುಷ್ಯರೇ, ಅದನ್ನು ಆಕಾಶದವರಿಗೆ ಬಿಟ್ಟುಕೊಡುವುದು ನನಗೆ ಸಿಟ್ಟು ಬರಿಸುತ್ತದೆ. ಅದಕ್ಕಿಂತ ಒಳ್ಳೆಯ ಎಳೆ ಒಂದಿದೆ. 1969ರಲ್ಲಿ ಅಮೆರಿಕದ ರಿಚರ್ಡ್ ವುಡ್‌ಬ್ರಿಜ್ ಅನ್ನುವವರು ಎಂಜಿನಿಯರುಗಳ ಪತ್ರಿಕೆಯೊಂದಕ್ಕೆ ವಿಚಿತ್ರ ಪತ್ರ ಬರೆದರು. ತಿಗರಿಯ ಮೇಲೆ ಮಡಕೆ ತಿರುಗುವಾಗ ಸುತ್ತಲ ಸದ್ದು ಹಸಿ ಮಣ್ಣಿನ ಗೆರೆಯಲ್ಲಿ ಉಳಿದುಬಿಡಬಹುದು, ಗ್ರಾಮಫೋನ್ ಪ್ಲೇಟಿನ ಹಾಗೆ, ಅಂತ. ಮಡಕೆಗೆ ಮುಳ್ಳು ತಾಗಿಸಿ ತಿಗರಿಯ ಗುಂಯ್ ಸದ್ದು ಕೇಳಿದೆ ಅಂದರು. ಚಿತ್ರಕ್ಕೆ ಬಣ್ಣ ಹಚ್ಚುವಾಗ ಆಡಿದ 'ಬ್ಲೂ' ಅನ್ನುವ ಮಾತೂ ಆ ಬಣ್ಣದ ಗೆರೆಯಲ್ಲಿ ಸಿಕ್ಕಿತು ಅಂದರು. ನಿಜವಾದ ಹಳೇ ಮಡಕೆಯಿಂದ ಯಾರೂ ಮಾತು ಹೊರಡಿಸಿಲ್ಲ, ಆ ಮಾತು ಬೇರೆ. ಫಿಕ್ಷನ್ ಇರುವುದೇ ಅದಕ್ಕಲ್ವಾ?

ಇಲ್ಲಿ ಒಂದು ಸಣ್ಣ ಎಚ್ಚರ. ಹೊಸ ಶಿಲಾಯುಗದ ಮಡಕೆ ತಗೋಬೇಡಿ, ಅವು ಹೆಚ್ಚಾಗಿ ಕೈಯಲ್ಲೇ ಮಾಡಿದವು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಈ ವ್ಯತ್ಯಾಸ ಚೆನ್ನಾಗಿ ಕಂಡಿತ್ತು: ಶಿಲಾ ಸಮಾಧಿಗಳ ಕಾಲಕ್ಕೆ ಬರುವ ಹೊತ್ತಿಗೆ ಮಡಕೆ ತಿರುಗುವ ತಿಗರಿಗೆ ಬಂದಿದೆ. ತಿಗರಿ ಇದ್ದರೆ ತಾನೆ ಗೆರೆ ಸುತ್ತುವುದು. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಒಂದು ಮಡಕೆ ಸಿಗಲಿ. ಅದರಲ್ಲಿ ಕುಂಬಾರನ ಗುನುಗು, ಹಿಂದೆ ಎಲ್ಲೋ ದೂರದಲ್ಲಿ ನಗಾರಿ, ಒಂದು, ಎರಡು, ಮೂರು, ಆಮೇಲೆ ಗುನುಗು ತಟ್ಟನೆ ನಿಲ್ಲಲಿ. ಮುಂದಿನದು ನಿಮ್ಮದು.

ಎರಡನೇ ಜಾಗ ಬೇಕಿದ್ದರೆ ಬಳ್ಳಾರಿ ಹತ್ತಿರದ ಕಪ್ಪಗಲ್ಲು, ಸಂಗನಕಲ್ಲಿನ ಪಕ್ಕ. ಅಲ್ಲಿಯ ಕರಿಕಲ್ಲುಗಳು ಬಡಿದರೆ ಗಂಟೆಯ ಹಾಗೆ ಸದ್ದು ಮಾಡುತ್ತವೆ, ಬಡಿದು ಬಡಿದು ಗುಳಿ ಬಿದ್ದಿವೆ. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ಇದರ ಬಗ್ಗೆ ಬರೆದಿದ್ದಾರೆ. ಅದೇ ಬೆಟ್ಟಕ್ಕೆ ಕಲ್ಲು ಕ್ವಾರಿಯ ಕಾಟವೂ ಇತ್ತು. ಹಿನ್ನೆಲೆಯಲ್ಲಿ ಕ್ವಾರಿಯ ಢಂ ಕೇಳಿಸಿದರೆ ಸಾಕು, ವಿಲನ್‌ಗೆ ಡೈಲಾಗೇ ಬೇಡ.

ಪಾತ್ರಕ್ಕೆ ಆ ಕಡೆಯ ಮಾತು ಬರುವವರನ್ನೇ ಹಿಡಿಯಿರಿ. ನಮ್ಮಲ್ಲಿ ಬೆಂಗಳೂರಿನ ಹುಡುಗನೊಬ್ಬ ಪ್ರತಿ ಸಾಲಿಗೂ "ರೀ" ಸೇರಿಸಿ ಕೊಪ್ಪಳದವನಾಗಲು ನೋಡಿದ, ಕೇಳಲಾಗಲಿಲ್ಲ. ಬೆಟ್ಟದ ಮೇಲೆ ಗಾಳಿ ಜಾಸ್ತಿ, ಮೈಕಿಗೆ ಬಟ್ಟೆ ಸುತ್ತಿಕೊಳ್ಳಿ, ಬೆಳಗ್ಗೆಯೇ ಹತ್ತಿ, ನೀರು ಒಯ್ಯಿರಿ. ನಗಾರಿಯನ್ನು ಮಾತ್ರ ಬಡಿಯಬೇಡಿ, ನಮ್ಮಂಥವರು ಹೋಗಿ ಬಡಿಯುತ್ತಾ ಇದ್ದರೆ ಅದು ಉಳಿಯುವುದಿಲ್ಲ. ನಾವು ನನ್ನ ಹಳೇ ಪ್ರೈಮರಿ ಶಾಲೆಯಲ್ಲಿ ಗಂಟೆ ಅಂತ ನೇತುಹಾಕಿದ್ದ ರೈಲು ಹಳಿ ತುಂಡನ್ನು ಬಡಿದು ರೆಕಾರ್ಡ್ ಮಾಡಿ, ಕಂಪ್ಯೂಟರ್‌ನಲ್ಲಿ ನಿಧಾನ ಮಾಡಿದೆವು. ಕೇಳಿದವರೆಲ್ಲ ಕಲ್ಲೇ ಅಂದುಕೊಂಡರು. ಅಮ್ಮ ಮಾತ್ರ, "ಇದು ನಿಮ್ಮ ಸ್ಕೂಲ್ ಬೆಲ್ ಅಲ್ವಾ?" ಅಂದರು.