ಗಣಿಕೆ ಸೊಪ್ಪೋ, ಬೆಲ್ಲಡೋನಾವೋ?

ಮುಂಬೈ ಹತ್ತಿರದ ಡೊಂಬಿವಲಿಯ ನಿಮ್ಮ ಬಾಲ್ಕನಿ ಕುಂಡದಲ್ಲಿ ತಾನಾಗೇ ಹುಟ್ಟಿದ ಗಿಡ ಗಣಿಕೆಯೋ, ವಿಷದ ಬೆಲ್ಲಡೋನಾವೋ ಅಂತ ಕೇಳಿದ್ದೀರಿ. ಪುಟ್ಟ ಬಿಳಿ ಹೂ, ಬಟಾಣಿಗಿಂತ ಚಿಕ್ಕ ಕಾಯಿ, ಒಂದೇ ತೊಟ್ಟಿಗೆ ನಾಲ್ಕೈದು ಗೊಂಚಲಾಗಿ ಜೋತಿದ್ದರೆ ಗಣಿಕೆಯ ಲಕ್ಷಣ. ಬೆಲ್ಲಡೋನಾದ ಹೂ ಮಾಸಲು ನೇರಳೆ ಗಂಟೆಯಂತೆ. ಹಣ್ಣು ಒಂಟಿ, ಅದರ ಬುಡದಲ್ಲಿ ನಕ್ಷತ್ರದ ಹಾಗೆ ಬಿಚ್ಚಿಕೊಂಡ ಐದು ಹಸಿರು ಎಸಳು. ಅದು ತಂಪು ಸೀಮೆಯ ಗಿಡ.

ನನಗೆ ಜಾಸ್ತಿ ಭಯ ದತ್ತೂರಿಯದು. ಎಳೆಯದಿದ್ದಾಗ ಬರೀ ಎಲೆ ನೋಡಿ ಮೋಸ ಹೋಗಬಹುದು. ಹೂವು, ಕಾಯಿ ಬರುವ ತನಕ ಕಾಯಿರಿ, ಬಲ್ಲವರಿಗೂ ತೋರಿಸಿ.

ಗಣಿಕೆಯೇ ಆದರೂ ಹಸಿರು ಕಾಯಿ ಬೇಡ. ಅದರಲ್ಲಿ ಸೋಲನೈನ್ ಎಂಬ ವಿಷ ಇರುತ್ತದೆ, ವಾಂತಿ ಆಗಬಹುದು. ಮನೆಯಲ್ಲಿ ಮಗು ಇದೆ ಅಂದಿದ್ದೀರಿ, ಅಲ್ವಾ? ಕುಂಡ ಮೇಲಿಡಿ. ಎಳೆ ಸೊಪ್ಪನ್ನು ಕುದಿಸಿ, ನೀರು ಚೆಲ್ಲಿ, ಜೀರಿಗೆ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ.