ನಾನು ಟೊರಾಂಟೊದಲ್ಲಿದ್ದೇನೆ. ಕೆನಡಾದಲ್ಲಿ ಆನ್‌ಲೈನ್ ಬೆಟ್ಟಿಂಗ್‌ಗೆ ಹಣ ಹಾಕುವುದು ಹೇಗೆ? ಲೈವ್ ನೋಡುತ್ತಾ ಆಡಿದರೆ ಅನುಕೂಲ ಇದೆಯಾ?

ನೀವು ಟೊರಾಂಟೊದಲ್ಲಿ ಇರುವುದರಿಂದ ಆ ಊರಿರುವ ಒಂಟಾರಿಯೊ ಪ್ರಾಂತ್ಯದ ಲೆಕ್ಕದಲ್ಲೇ ಹೇಳುತ್ತೇನೆ. 2022ರ ಏಪ್ರಿಲ್ 4ರಿಂದ ಅಲ್ಲಿ ಖಾಸಗಿ ಸೈಟುಗಳಿಗೂ ಕಾನೂನಿನ ಅನುಮತಿ ಇದೆ. ಆಡಲು 19 ವರ್ಷ ತುಂಬಿರಬೇಕು. ಸೈಟಿನ ಹೆಸರು ಐಗೇಮಿಂಗ್ ಒಂಟಾರಿಯೊ ಎಂಬ ಸರ್ಕಾರಿ ಸಂಸ್ಥೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ದಯವಿಟ್ಟು ಒಂದು ಡಾಲರ್ ಕೂಡ ಹಾಕಬೇಡಿ.

ಹಣ ಕಳಿಸಲು ತುಂಬಾ ಜನ ಬಳಸುವುದು ಇಂಟರ್ಯಾಕ್ ಇ-ಟ್ರಾನ್ಸ್‌ಫರ್, ಅಂದರೆ ಬ್ಯಾಂಕಿನಿಂದ ಆನ್‌ಲೈನ್‌ನಲ್ಲೇ ಹಣ ಕಳಿಸುವ ಕೆನಡಾದ ವ್ಯವಸ್ಥೆ. ದುಡ್ಡು ನಿಮ್ಮ ಕೆನಡಾ ಬ್ಯಾಂಕ್ ಖಾತೆಯಿಂದಲೇ ಹೋಗುತ್ತದೆ. ಖಾತೆ ನಿಮ್ಮ ಹೆಸರಲ್ಲೇ ಇರಲಿ. ಗಂಡನದೋ ಗೆಳೆಯನದೋ ಆದರೆ ಗೆದ್ದ ಹಣ ತೆಗೆಯುವಾಗ ತೊಡಕಾಗುತ್ತದೆ. ಕ್ರೆಡಿಟ್ ಕಾರ್ಡ್ ಮಾತ್ರ ಬೇಡವೇ ಬೇಡ. ಅನೇಕ ಬ್ಯಾಂಕುಗಳು ಇದನ್ನು ಕ್ಯಾಶ್ ಅಡ್ವಾನ್ಸ್, ಅಂದರೆ ಕಾರ್ಡ್ ಮೇಲೆ ಪಡೆದ ನಗದು ಸಾಲ ಅಂತ ಹಿಡಿಯುತ್ತವೆ. ಆಗ ಶುಲ್ಕವೂ ಬೀಳುತ್ತದೆ, ಬಡ್ಡಿಯೂ ಮೊದಲ ದಿನದಿಂದಲೇ ಓಡುತ್ತದೆ.

ಇನ್ನು ಲೈವ್ ವಿಡಿಯೊ. ಅದು ಮೈದಾನಕ್ಕಿಂತ ಹಲವು ಸೆಕೆಂಡ್ ಹಿಂದೆ ಇರುತ್ತದೆ. ಐಸ್ ಹಾಕಿ ಪಂದ್ಯ ಅಂದುಕೊಳ್ಳಿ. ನಿಮ್ಮ ಮೊಬೈಲಲ್ಲಿ ಆಟಗಾರ ಇನ್ನೂ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ತಳ್ಳಿಕೊಂಡು ಹೋಗುತ್ತಿದ್ದಾನೆ, ಅಲ್ಲಿ ಗೋಲು ಆಗಿಬಿಟ್ಟಿದೆ! ಸೈಟಿಗೆ ಡೇಟಾ ಬೇರೆ ದಾರಿಯಲ್ಲಿ ಬೇಗ ತಲುಪಿರುತ್ತದೆ, ಬೆಟ್ಟಿಂಗ್ ದರವೂ ಬದಲಾಗಿರುತ್ತದೆ. ಹಾಗಾಗಿ ಕಣ್ಣಾರೆ ನೋಡಿ ಆಡಿದರೆ ಗೆಲ್ಲಬಹುದು ಅನ್ನುವುದು ಸುಳ್ಳು ನಂಬಿಕೆ. ಲೈವ್ ಡೀಲರ್ ಟೇಬಲ್‌ನಲ್ಲೂ ಅಷ್ಟೇ. ಎದುರಿಗೆ ನಿಜವಾದ ಮನುಷ್ಯ ಎಲೆ ಹಂಚಿದರೂ ಲೆಕ್ಕ ಕ್ಯಾಸಿನೊ ಕಡೆಗೇ ವಾಲಿರುತ್ತದೆ.

ಸೈಟಿನಲ್ಲಿ ಖಾತೆ ತೆರೆದ ದಿನವೇ ಡೆಪಾಸಿಟ್ ಮಿತಿ, ಅಂದರೆ ಇಷ್ಟಕ್ಕಿಂತ ಹೆಚ್ಚು ಹಣ ಹಾಕಲಾಗದಂತೆ ಮಿತಿ, ಹಾಕಿಕೊಳ್ಳಿ. ಸೋತ ಮೇಲೆ ಆ ಮನಸ್ಸು ಬರುವುದು ಕಷ್ಟ, ಅಲ್ವಾ? ಕೈ ಮೀರುತ್ತಿದೆ ಅನ್ನಿಸಿದರೆ ಜೂಜಿನ ಚಟಕ್ಕೆ ನೆರವು ಸಿಗುವ ಕನೆಕ್ಸ್‌ಒಂಟಾರಿಯೊ ಸಹಾಯವಾಣಿಗೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.